ಮಣ್ಣು ನೋಡದೆ ಹಾಕಿದ ಡಾಂಬರು

ಮಾನ್ಯರೇ,

ನಮ್ಮ ಬಡಾವಣೆಯ ಕೆಳಗಿನ ಅಡ್ಡರಸ್ತೆಯಲ್ಲಿ ಜಲ್ಲಿ ತುಂಬಿದ ಟಿಪ್ಪರ್ ಆಕ್ಸಲ್‌ವರೆಗೆ ಹೂತುಹೋದ ಚಿತ್ರ ನಿನ್ನೆಯ ಪತ್ರಿಕೆಯಲ್ಲಿ ಬಂದಿದೆ. ಜೊತೆಗೆ ಎಂಜಿನಿಯರ್ ಸಾಹೇಬರ ಸಮಜಾಯಿಷಿ: ‘ಈ ಸಲ ಮಳೆ ಜಾಸ್ತಿ’. ಚಿಕ್ಕಮಗಳೂರಿನಲ್ಲಿ ಆರಿದ್ರಾ ಮಳೆ ಹಿಡಿದರೆ ಬಿಡುವುದಿಲ್ಲ ಎಂಬುದು ಅವರಿಗೆ ಈ ವರ್ಷವೇ ಗೊತ್ತಾಗಿರಬೇಕು, ಪಾಪ. ಟಿಪ್ಪರ್ ಎತ್ತಲು ಬಂದ ಜೆಸಿಬಿ ಉಳಿದಿದ್ದ ಡಾಂಬರನ್ನೂ ಕಿತ್ತುಕೊಂಡು ಹೋಯಿತು. ಈಗ ಗ್ಯಾಸ್ ಸಿಲಿಂಡರ್ ಗಾಡಿ ಒಳಗೆ ಬರುವುದಿಲ್ಲ, ಸ್ಕೂಲ್ ವ್ಯಾನ್ ಮೇನ್ ರೋಡಿನಲ್ಲೇ ಹಾರ್ನ್ ಹೊಡೆದು ಹೊರಡುತ್ತದೆ, ಆಟೊದವರು ಬಡಾವಣೆಯ ಹೆಸರು ಹೇಳಿದರೆ ಮುಖ ತಿರುಗಿಸುತ್ತಾರೆ. ವಯಸ್ಸಾದವರು ಆಸ್ಪತ್ರೆಗೆ ಹೋಗಬೇಕಾದರೆ ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು.

ಮೇಲಿನ ಅಡ್ಡರಸ್ತೆಗಳು ಗರಸು ಮಿಶ್ರಿತ ಕೆಮ್ಮಣ್ಣಿನ ದಿಬ್ಬದ ಮೇಲಿವೆ. ಅಲ್ಲಿ ರಸ್ತೆ ಗಟ್ಟಿಯಾಗಿಯೇ ಇದೆ. ಕೆಳಗಿನವು ನಿನ್ನೆ ಮೊನ್ನೆಯವರೆಗೆ ಭತ್ತ ಬೆಳೆಯುತ್ತಿದ್ದ ಗದ್ದೆ, ಬರೀ ಜೇಡಿಮಣ್ಣು. ಮಳೆ ಎರಡೂ ಕಡೆ ಒಂದೇ. ಎಸ್ಟಿಮೇಟೂ ಒಂದೇ: 150 ಮಿ.ಮೀ. ಜಲ್ಲಿ, ಮೇಲೆ 20 ಮಿ.ಮೀ. ಡಾಂಬರು. ಗದ್ದೆಗೂ ದಿಬ್ಬಕ್ಕೂ ಒಂದೇ ಅಳತೆಯ ಅಂಗಿ ಹೊಲಿದಿದ್ದಾರೆ.

ಮಣ್ಣಿನ ತಾಕತ್ತು ತಿಳಿಯಲು ಸಿಬಿಆರ್ ಪರೀಕ್ಷೆ ಎಂದೊಂದಿದೆ. ರಸ್ತೆ ಮಟ್ಟದ ಮಣ್ಣನ್ನು ಅಚ್ಚಿನಲ್ಲಿ ದಮ್ಮಸು ಮಾಡಿ, ನಾಲ್ಕು ದಿನ ನೀರಿನಲ್ಲಿ ನೆನೆಸಿ, 50 ಮಿ.ಮೀ. ವ್ಯಾಸದ ಕಬ್ಬಿಣದ ದಿಂಡನ್ನು ಅದರೊಳಗೆ ನಿಧಾನವಾಗಿ ಒತ್ತುತ್ತಾರೆ. ದಿಂಡು 2.5 ಮಿ.ಮೀ. ಇಳಿಯಲು 1370 ಕೆ.ಜಿ. ಬೇಕಾದರೆ ಸಿಬಿಆರ್ 100, ಅಂದರೆ ಒಳ್ಳೆಯ ಜಲ್ಲಿಯಷ್ಟು ಗಟ್ಟಿ. ನೆನೆದ ಜೇಡಿಮಣ್ಣಿನಲ್ಲಿ 27 ಕೆ.ಜಿ.ಗೇ ಇಳಿದರೆ ಸಿಬಿಆರ್ 2. ನಾಲ್ಕು ದಿನ ನೆನೆಸುವುದೇ ಮಳೆಗಾಲದ ಲೆಕ್ಕಕ್ಕೆ. ಆದ್ದರಿಂದ ‘ಮಳೆ ಜಾಸ್ತಿ’ ಎಂದವರು ಒಂದೋ ಪರೀಕ್ಷೆಯನ್ನೇ ಮಾಡಿಸಿಲ್ಲ, ಇಲ್ಲವೇ ಬೇಸಿಗೆಯಲ್ಲಿ ಗಟ್ಟಿ ಹೆಂಟೆ ಮುಟ್ಟಿ ನೋಡಿ ಸಹಿ ಹಾಕಿದ್ದಾರೆ. ಸಿಬಿಆರ್ 2ಕ್ಕಿಂತ ಕೆಳಗಿದ್ದರೆ ಮೊದಲು ಒಳ್ಳೆಯ ಗರಸಿನ ಹೆಚ್ಚುವರಿ ಪದರ ಹಾಸಬೇಕು, ಜಲ್ಲಿಯ ಮಾತು ಆಮೇಲೆ. ಮಣ್ಣು ತೀರಾ ಜಿಗುಟಾಗಿದ್ದರೆ ಶೇ 3ರಿಂದ 5ರಷ್ಟು ಸುಣ್ಣ ಬೆರೆಸಿ, ಹದವಾದ ತೇವದಲ್ಲಿ ರೋಲರ್ ಹೊಡೆಯಬಹುದು.

ಇಲ್ಲಿ ಬೇರು, ಕೂಳೆ ಸಮೇತ ಇದ್ದ ಗದ್ದೆಯ ಮೇಲ್ಮಣ್ಣನ್ನೂ ತೆಗೆಯಲಿಲ್ಲ. ಅದರ ಮೇಲೆ ಹಳೇ ಮನೆ ಒಡೆದ ಇಟ್ಟಿಗೆ ಚೂರು, ಪ್ಲಾಸ್ಟಿಕ್, ಮಣ್ಣು ಎಲ್ಲವನ್ನೂ ಒಂದೇ ಏಟಿಗೆ ಸುರಿದು ಮೇಲೊಮ್ಮೆ ರೋಲರ್ ಓಡಿಸಿದರು. ಒಂದೊಂದು ಪದರ ದಮ್ಮಸಾದ ಮೇಲೆ 150 ಮಿ.ಮೀ. ಆಸುಪಾಸು ಇರಬೇಕು, ಮೂರಡಿ ಮಣ್ಣಿನ ಮೇಲೆ ರೋಲರ್ ಆಡಿದರೆ ತಳಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಜೇಡಿಗೂ ಜಲ್ಲಿಗೂ ನಡುವೆ ಮರಳು ಅಥವಾ ಕ್ರಷರ್ ಪುಡಿಯ ಪದರವೂ ಇಲ್ಲ. ಕಿತ್ತುಬಂದ ಹೆಂಟೆಗಳನ್ನು ಯಾರು ಬೇಕಾದರೂ ಹೋಗಿ ನೋಡಲಿ: ಜಲ್ಲಿಯ ಸಂದುಗಳಲ್ಲೆಲ್ಲ ಬೂದು ಬಣ್ಣದ ಕೆಸರು ಮೇಲೇರಿ ಕೂತಿದೆ, ಕಲ್ಲಿಗೆ ಕಲ್ಲು ತಾಗುತ್ತಲೇ ಇಲ್ಲ. ಸಾಲದ್ದಕ್ಕೆ ಎರಡೂ ಬದಿಯ ಕಾಂಕ್ರೀಟ್ ಚರಂಡಿ ಗೋಡೆಗೆ ಒಂದು ತೂತೂ ಬಿಟ್ಟಿಲ್ಲ. ಜಲ್ಲಿಗೆ ಇಳಿದ ನೀರು ಹೊರಗೆ ಹೋಗುವುದಾದರೂ ಎಲ್ಲಿಂದ?

‘ಮನೆಗಳ ರಸ್ತೆ, ಭಾರದ ಗಾಡಿ ಓಡಾಡಬಾರದಿತ್ತು’ ಎಂಬ ಮಾತೂ ವರದಿಯಲ್ಲಿದೆ. ಹೊಸ ಬಡಾವಣೆಯಲ್ಲಿ ಮನೆ ಕಟ್ಟುವವರು ಮರಳು, ಸಿಮೆಂಟು, ಸೈಜುಗಲ್ಲನ್ನು ಸ್ಕೂಟರಿನಲ್ಲಿ ತರಬೇಕೇ? ಇಂಥ ರಸ್ತೆಗೆ ಅತಿ ಹೆಚ್ಚು ಭಾರ ಬೀಳುವುದೇ ಮೊದಲ ಕೆಲವು ವರ್ಷ. ಆಕ್ಸಲ್ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗಾಗುವ ಪೆಟ್ಟು ಸುಮಾರು 16 ಪಟ್ಟು. ಕಾರುಗಳನ್ನು ಎಣಿಸಿ ಏನು ಪ್ರಯೋಜನ, ಟಿಪ್ಪರ್‌ಗಳನ್ನು ಎಣಿಸಬೇಕಿತ್ತು.

ಇವರ ಕೆಲಸವೇ ಹೀಗೆ. ಡಾಂಬರು ಹಾಕಿದ ಮೇಲೆ ನೀರಿನ ಪೈಪಿಗೆ ಅಗೆದರು, ಅಗೆದದ್ದನ್ನು ಕಾಲಿನಲ್ಲಿ ಮಣ್ಣು ದೂಡಿ ಮುಚ್ಚಿದರು. ಆ ಗೆರೆ ಉದ್ದಕ್ಕೂ ಕುಸಿದಿದೆ. ಬೀದಿದೀಪದ ಕಂಬ ನೆಟ್ಟು ದೀಪ ಮರೆತರು. ಪಾರ್ಕ್ ಜಾಗದಲ್ಲಿ ಬೋರ್ಡ್ ಒಂದೇ ಬೆಳೆದಿದೆ. ಅರ್ಜಿ ಕೊಟ್ಟರೆ ಸೀಲ್ ಒತ್ತಿಕೊಡುತ್ತಾರೆ, ಅಲ್ಲಿಗೆ ಮುಗಿಯಿತು. ಮೊನ್ನೆ ಬಂದ ಸಾಹೇಬರು ಜೀಪಿನಿಂದ ಇಳಿಯದೆ ಮೇಲಿನ ರಸ್ತೆ ನೋಡಿ ‘ಚೆನ್ನಾಗಿದೆಯಲ್ರೀ’ ಎಂದು ಹೋದರು.

ಕೆಳಗಿನ ರಸ್ತೆಗಳನ್ನು ಬುಡದಿಂದ ಅಗೆದು ಸರಿ ಮಾಡಲಿ. ಆಗದಿದ್ದರೆ ನಮ್ಮಿಂದ ಕಟ್ಟಿಸಿಕೊಂಡ ಅಭಿವೃದ್ಧಿ ಶುಲ್ಕ ವಾಪಸ್ ಕೊಡಲಿ. ಮಣ್ಣು ಪರೀಕ್ಷೆಯ ವರದಿ ಇದ್ದರೆ ತೋರಿಸಲಿ, ಇಲ್ಲದಿದ್ದರೆ ಇಲ್ಲವೆಂದಾದರೂ ಒಪ್ಪಿಕೊಳ್ಳಲಿ. ಚರಂಡಿಯನ್ನೂ ನೋಡಲಿ. ಮಳೆ ನಿಲ್ಲಲಿ ಎಂಬ ಉತ್ತರ ಬೇಡ. ಹಾಗೆಂದು ಈ ಮಳೆಯಲ್ಲೇ ವೆಟ್‌ಮಿಕ್ಸ್ (ನೀರು ಬೆರೆಸಿ ಕಲಸಿದ ಜಲ್ಲಿ) ಸುರಿದು ಫೋಟೊ ತೆಗೆಸಿಕೊಳ್ಳುವುದೂ ಬೇಡ. ತೆಗೆದುಕೊಳ್ಳುವ ಸಂಬಳಕ್ಕೆ ತಕ್ಕಷ್ಟಾದರೂ ನಾಚಿಕೆ ಬೇಡವೇ ಇವರಿಗೆ?

– ನೊಂದ ನಿವಾಸಿ, ಚಿಕ್ಕಮಗಳೂರು