ಸಿಂಧನೂರು ಕ್ಯಾಂಪ್ ಫೋಟೊ: ಭಾನುವಾರ ಬರುವವರು ಓದಿ

ಎಲ್ಲರಿಗೂ ನಮಸ್ಕಾರ. ಪೂರ್ವ ಪಾಕಿಸ್ತಾನದ (ಈಗಿನ ಬಾಂಗ್ಲಾದೇಶ) ಗಲಭೆ, 1971ರ ಯುದ್ಧದ ಕಾಲದಲ್ಲಿ ಊರು ಬಿಟ್ಟು ಬಂದು ಸಿಂಧನೂರಿನ ನಿರಾಶ್ರಿತರ ಕ್ಯಾಂಪಲ್ಲಿ ನೆಲೆಸಿದ ಬಂಗಾಳಿ ಹಿರಿಯರ ಭಾವಚಿತ್ರ ತೆಗೆಯೋದಿದೆ. ಸ್ಟುಡಿಯೊ ಮುಚ್ಚಿ ಮನೇಲಿ ಕೂತ ನಮ್ಮ ಹಿರಿಯ ಫೋಟೊಗ್ರಾಫರ್‌ಗಳು ದಯವಿಟ್ಟು ಬರ್ರಿ, ನಿಮ್ಮ ಕೈಗೆ ಇದಕ್ಕಿಂತ ದೊಡ್ಡ ಕೆಲಸ ಇಲ್ಲ.

ಮೊದಲು ಮಾತು, ಒಪ್ಪಿಗೆ, ಕ್ಯಾಮೆರಾ ಆಮೇಲೆ. ಅಂಗಳದ ಬಿಸಿಲಲ್ಲಿ ಕೂರಿಸಿದ್ರೆ ಕಣ್ಣುಗುಳಿ ಕಪ್ಪಾಗ್ತದೆ. ಬಾಗಿಲ ಒಳಗೆ ಎರಡು ಅಡಿ, ಮುಖ ಬೆಳಕಿಗೆ. 50 ಎಂಎಂ ಲೆನ್ಸ್, ಅಪರ್ಚರ್ ಎಫ್ 2.8, ಶಟರ್ 1/125 ಸೆಕೆಂಡ್, ನಿಮ್ಮ ಕೈ ನಡುಗ್ತಿದ್ರೆ 1/250 ಮಾಡಿ ಐಎಸ್‌ಒ (ಬೆಳಕಿನ ಸಂವೇದನೆ) ಏರಿಸಿ.

ಹಿರಿಯರು ಟ್ರಂಕಿನಿಂದ ಹಳೇ ಫೋಟೊ ತೆಗೆದು ತೋರಿಸ್ತಾರೆ. ಅಂಚು ಮಾತ್ರ ಹಿಡೀರಿ, ಬೆರಳಿನ ಬೆವರು ಉಳಿದುಬಿಡ್ತದೆ. ಫ್ಲ್ಯಾಶ್ ಬೇಡ, ಹೊಳಪು ಹೊಡೀತದೆ. ಕಿಟಕಿ ಪಕ್ಕ ಚಪ್ಪಟೆಯಾಗಿಟ್ಟು ನೇರ ಮೇಲಿಂದ ತೆಗೀರಿ.

ಕ್ಯಾಮೆರಾ, ಫೋನಿನ ಲೊಕೇಶನ್ ಆಫ್ ಇರಲಿ, ಫೋಟೊದಲ್ಲಿ ಜಾಗದ ಗುರುತು ಸೇರಬಾರದು. ಹದಿನೈದು ದಿನದೊಳಗೆ 5x7 ಇಂಚಿನ ಪ್ರಿಂಟ್ ಆ ಹಿರಿಯರ ಕೈಗೇ ಕೊಡಬೇಕು.