ಮಹಿಳಾ ಟೆಸ್ಟ್‌ಗೆ ಐವತ್ತು: ಮೊದಲು ದಾಖಲೆ, ಆಮೇಲೆ ವೇದಿಕೆ

ಕ್ರೀಡಾ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಸಚಿವರು,
ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

2026ರ ಅಕ್ಟೋಬರ್ 31, ಶನಿವಾರ, ಭಾರತದ ಮಹಿಳೆಯರು ಅಧಿಕೃತ ಟೆಸ್ಟ್ ಕ್ರಿಕೆಟ್‌ಗೆ ಇಳಿದು ಐವತ್ತು ವರ್ಷ ತುಂಬುತ್ತದೆ. ಆ ಪಂದ್ಯ ನಡೆದದ್ದು ವಿಧಾನಸೌಧದಿಂದ ಕಬ್ಬನ್ ಪಾರ್ಕ್ ದಾಟಿದರೆ ಸಿಗುವ ಕ್ರೀಡಾಂಗಣದಲ್ಲೇ. ಎದುರಾಳಿ ವೆಸ್ಟ್ ಇಂಡೀಸ್, ಪಂದ್ಯ ಮೂರು ದಿನದ್ದು, ನಾಯಕಿ ಶಾಂತಾ ರಂಗಸ್ವಾಮಿ, ಫಲಿತಾಂಶ ಡ್ರಾ. ಎರಡನೇ ದಿನ ರಾಜ್ಯೋತ್ಸವ. ಇಷ್ಟು ವಿವರ ಕೇಳಿದ ಕೂಡಲೇ ಇಲಾಖೆಯಲ್ಲಿ ಯಾರಾದರೂ ಶಾಮಿಯಾನ, ಹಾರ ತುರಾಯಿ, ಸಿನಿಮಾ ತಾರೆಯರ ಪ್ರದರ್ಶನ ಪಂದ್ಯ ಎಂದು ಕಡತ ತೆರೆಯಬಹುದು. ಹಾಗಾಗದಿರಲಿ ಎಂದೇ ಈ ಪತ್ರ.

ಕ್ರಿಕೆಟ್‌ನಲ್ಲಿ ವಾರ್ಷಿಕೋತ್ಸವವನ್ನು ಹೇಗೆ ಮಾಡಬೇಕು ಎನ್ನುವುದಕ್ಕೆ ಮಾದರಿ ಇದೆ. 1977ರ ಮಾರ್ಚ್‌ನಲ್ಲಿ ಮೆಲ್ಬರ್ನ್‌ನಲ್ಲಿ ಶತಮಾನೋತ್ಸವ ಟೆಸ್ಟ್ ನಡೆಯಿತು. ಆಸ್ಟ್ರೇಲಿಯಾ 45 ರನ್‌ಗಳಿಂದ ಗೆದ್ದಿತು, 1877ರ ಮೊದಲ ಟೆಸ್ಟಿನ ಅಂತರವೂ ಅಷ್ಟೇ. ಈ ಕಾಕತಾಳೀಯವನ್ನು ಎಲ್ಲರೂ ಹೇಳುತ್ತಾರೆ. ನಮಗೆ ದೊಡ್ಡದಾಗಿ ಕಾಣುವುದು ಅದರ ಹಿಂದಿನ ಕೆಲಸ. ಯೋಜನೆ ಹಾಕಿದ ಹ್ಯಾನ್ಸ್ ಎಬೆಲಿಂಗ್ ಮತ್ತು ಅವರ ತಂಡ ಆಸ್ಟ್ರೇಲಿಯಾ–ಇಂಗ್ಲೆಂಡ್ ಟೆಸ್ಟ್ ಆಡಿ ಬದುಕಿದ್ದವರನ್ನೆಲ್ಲ ಹುಡುಕಿ ಕರೆಯಿತು. ಇನ್ನೂರಕ್ಕೂ ಹೆಚ್ಚು ಮಂದಿ ಬಂದರು. ವಿಳಾಸಗಳ ಪಟ್ಟಿ ಮೊದಲು ಸಿದ್ಧವಾಗದಿದ್ದರೆ ಅದು ಆಗುತ್ತಿರಲಿಲ್ಲ.

ನಮ್ಮಲ್ಲಿ ನಡೆದದ್ದು ಬೇರೆ ಥರ. 1928ರ ಡಿಸೆಂಬರ್‌ನಲ್ಲಿ ಹುಟ್ಟಿದ ಬಿಸಿಸಿಐ ತನ್ನ ಸುವರ್ಣ ಮಹೋತ್ಸವ ಟೆಸ್ಟ್ ಆಡಿಸಿದ್ದು 1980ರ ಫೆಬ್ರುವರಿಯಲ್ಲಿ, ಮುಂಬೈಯಲ್ಲಿ. ವರ್ಷ ದಾಟಿ ಹೋಗಿತ್ತು. ನಡುವೆ ಸೂರ್ಯಗ್ರಹಣ ಬಂದು ವಿಶ್ರಾಂತಿ ದಿನವನ್ನು ಅದಕ್ಕೇ ಹೊಂದಿಸಬೇಕಾಯಿತು. ಎದುರಾಳಿ ಇಂಗ್ಲೆಂಡಿನ ಇಯಾನ್ ಬಾಥಮ್ 114 ರನ್ ಹೊಡೆದು 13 ವಿಕೆಟ್ ಕಿತ್ತು ಪಂದ್ಯವನ್ನೇ ಒಯ್ದರು. ಇಂದು ಆ ಉತ್ಸವದಿಂದ ನೆನಪಿನಲ್ಲಿ ಉಳಿದಿರುವುದು ನಮ್ಮ ಜಿ.ಆರ್. ವಿಶ್ವನಾಥ್ ನಾಯಕರಾಗಿ, ಔಟ್ ಎಂದು ತೀರ್ಪು ಪಡೆದಿದ್ದ ಎದುರಾಳಿ ಬ್ಯಾಟರ್ ಬಾಬ್ ಟೇಲರ್ ಅವರನ್ನು ವಾಪಸ್ ಕರೆದದ್ದು. ಅದು ಸಮಿತಿ ಕೂತು ರೂಪಿಸಿದ್ದಲ್ಲ ಬಿಡಿ.

ಆದ್ದರಿಂದ ಮೊದಲ ಕೋರಿಕೆ ಫಲಕದ ಬಗ್ಗೆ. ಕಲ್ಲಿನ ಮೇಲೆ ಏನು ಕೆತ್ತಬೇಕು ಎಂಬುದನ್ನು ಈಗಲೇ ಗಟ್ಟಿ ಮಾಡಿಕೊಳ್ಳಿ. ತಪ್ಪು ನುಸುಳುವ ಜಾಗಗಳು ಗೊತ್ತಿರುವಂಥವೇ. "ಭಾರತದ ಮೊದಲ ಮಹಿಳಾ ಕ್ರಿಕೆಟ್ ಪಂದ್ಯ" ಎಂದು ಬರೆದರೆ ತಪ್ಪು. 1973ರಲ್ಲೇ ಭಾರತೀಯ ಮಹಿಳಾ ಕ್ರಿಕೆಟ್ ಸಂಸ್ಥೆ ಹುಟ್ಟಿ ಪುಣೆಯಲ್ಲಿ ರಾಷ್ಟ್ರೀಯ ಟೂರ್ನಿ ನಡೆಸಿತ್ತು. 1975ರಲ್ಲಿ ಆಸ್ಟ್ರೇಲಿಯಾದ 25 ವರ್ಷದೊಳಗಿನವರ ತಂಡ ಇಲ್ಲಿಗೆ ಬಂದು ಪುಣೆ, ದೆಹಲಿ, ಕೋಲ್ಕತ್ತಗಳಲ್ಲಿ ಆಡಿ ಹೋಗಿತ್ತು, ಅವು ಅನಧಿಕೃತ ಟೆಸ್ಟ್‌ಗಳು. "ಮೊದಲ ಗೆಲುವು" ಎಂದರೂ ತಪ್ಪು. ಅದೇ ಆರು ಟೆಸ್ಟ್‌ಗಳ ಸರಣಿಯ ನಾಲ್ಕನೇ ಪಂದ್ಯದಲ್ಲಿ, ನವೆಂಬರ್‌ನಲ್ಲಿ, ಪಟ್ನಾದಲ್ಲಿ ಗೆಲುವು ಬಂತು. ಜಮ್ಮುವಿನಲ್ಲಿ ವೆಸ್ಟ್ ಇಂಡೀಸ್ ಗೆದ್ದು ಸರಣಿ 1–1 ಆಯಿತು. ಶಾಂತಾ ಅವರನ್ನು "ಮೊದಲ ಟೆಸ್ಟ್ ನಾಯಕಿ" ಎನ್ನಬೇಕು. ಏಕದಿನ ಪಂದ್ಯಗಳಲ್ಲಿ ಮೊದಲು ನಾಯಕತ್ವ ವಹಿಸಿದವರು ಡಯಾನಾ ಎಡುಲ್ಜಿ, 1978ರ ವಿಶ್ವಕಪ್‌ನಲ್ಲಿ. ಇನ್ನು ಮೈದಾನದ ಹೆಸರು: 1976ರಲ್ಲಿ ಅದು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಕ್ರೀಡಾಂಗಣ. ಎಂ. ಚಿನ್ನಸ್ವಾಮಿಯವರ ಹೆಸರು ಬಂದದ್ದು ಆಮೇಲೆ. "ಈಗಿನ ಚಿನ್ನಸ್ವಾಮಿ ಕ್ರೀಡಾಂಗಣ" ಎಂದು ಒಂದು ಮಾತು ಸೇರಿಸಿದರೆ ಮುಗಿಯಿತು. ಡ್ರಾ ಎಂದು ಬರೆಯಲು ಸಂಕೋಚ ಬೇಡ.

ಎರಡನೆಯದು ಸ್ಕೋರ್ ಕಾರ್ಡ್. ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಗೋಡೆಗೆ ಹಚ್ಚುವ ಆಲೋಚನೆ ಯಾರಿಗಾದರೂ ಬಂದೇ ಬರುತ್ತದೆ, ಒಳ್ಳೆಯದೇ. ಆದರೆ ಅಂತರ್ಜಾಲದಿಂದ ಇಳಿಸಿಕೊಂಡು ನೇರ ಮುದ್ರಣಕ್ಕೆ ಕೊಡಬೇಡಿ, ಲೆಕ್ಕ ತಾಳೆ ನೋಡಿಸಿ. ಇಲ್ಲೊಂದು ಸೂಕ್ಷ್ಮವಿದೆ. ಈಗ ನೋಬಾಲ್, ವೈಡ್ ರನ್‌ಗಳು ಬೌಲರ್ ಖಾತೆಗೆ ಬೀಳುತ್ತವೆ. 1976ರಲ್ಲಿ ಬೀಳುತ್ತಿರಲಿಲ್ಲ, ಆ ಪದ್ಧತಿ ಬದಲಾದದ್ದು 1980ರ ದಶಕದಲ್ಲಿ. ಒಂದು ಕಾಲ್ಪನಿಕ ಇನಿಂಗ್ಸ್ ತೆಗೆದುಕೊಳ್ಳಿ: ಬ್ಯಾಟರ್‌ಗಳು ಹೊಡೆದದ್ದು 210, ಇತರೆ 14 (ಬೈ 5, ಲೆಗ್‌ಬೈ 3, ನೋಬಾಲ್ 6), ಒಟ್ಟು 224. ಬೈ, ಲೆಗ್‌ಬೈ ಎಂದೂ ಬೌಲರ್ ಖಾತೆಗೆ ಸೇರುವುದಿಲ್ಲ. ಹಾಗಾಗಿ ಇಂದಿನ ನಿಯಮದಂತೆ ಬೌಲರ್‌ಗಳ ರನ್ ಕೂಡಿದರೆ 216 ಬರಬೇಕು, ಹಳೆಯ ನಿಯಮದಂತೆ 210 ಬರಬೇಕು. ಇದು ಗೊತ್ತಿಲ್ಲದವರು ಆರು ರನ್ ತಪ್ಪಿದೆ ಎಂದು ಯಾರದೋ ಬೌಲಿಂಗ್ ಅಂಕಿ "ಸರಿಪಡಿಸಿ"ಬಿಡುತ್ತಾರೆ. ಒಮ್ಮೆ ಹಾಗೆ ತಿದ್ದಿದ್ದು ಹತ್ತು ಕಡೆ ನಕಲಾಗುತ್ತದೆ. ಬೌಲರ್‌ಗಳ ವಿಕೆಟ್‌ಗಳಿಗೆ ರನೌಟ್ ಸೇರಿಸಿ ಬಿದ್ದ ವಿಕೆಟ್‌ಗಳ ಸಂಖ್ಯೆಗೆ ಹೊಂದುತ್ತದೆಯೇ, ವಿಕೆಟ್ ಪತನದ ಸಾಲಿನಲ್ಲಿ ಕೊನೆಯ ಅಂಕಿ ಮೊತ್ತವನ್ನು ಮೀರಿದೆಯೇ, ಇವನ್ನೂ ನೋಡಬೇಕು.

ಪ್ರದರ್ಶನಕ್ಕೆ 1977ರ ಜನವರಿಯ ಡ್ಯುನೆಡಿನ್ ಟೆಸ್ಟ್ ಸೇರಿಸುವುದಾದರೆ (ಸೇರಿಸಲೇಬೇಕು, ಶಾಂತಾ ಅವರ 108 ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ) ಓವರ್ ಲೆಕ್ಕದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಆ ವರ್ಷಗಳಲ್ಲಿ ನ್ಯೂಜಿಲೆಂಡ್‌ನಲ್ಲಿ ಓವರ್‌ಗೆ ಎಂಟು ಎಸೆತ. ಗಾಜಿನ ಪೆಟ್ಟಿಗೆಯಲ್ಲಿ ಚೆಂಡು ಇಡುವಾಗಲೂ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದಿಡಬೇಡಿ. ಮಹಿಳೆಯರ ಚೆಂಡಿನ ತೂಕ 140ರಿಂದ 151 ಗ್ರಾಂ, ಪುರುಷರದ್ದು 156ರಿಂದ 163.

ಮೂಲ ದಾಖಲೆ ಎಲ್ಲಿ ಸಿಗುತ್ತದೆ? ಮಹಿಳಾ ಕ್ರಿಕೆಟ್ ಬಿಸಿಸಿಐ ತೆಕ್ಕೆಗೆ ಬಂದದ್ದು 2006ರಲ್ಲಿ. ಅದಕ್ಕೂ ಹಿಂದಿನ ಮೂವತ್ತು ಚಿಲ್ಲರೆ ವರ್ಷಗಳ ಕಾಗದಪತ್ರ ಒಂದೇ ಬೀರುವಿನಲ್ಲಿ ಇರುತ್ತವೆ ಎಂದು ನಂಬಿ ಕೂರುವಂತಿಲ್ಲ. ಹಳೆಯ ಪತ್ರಿಕೆಗಳಿಂದ ಶುರು ಮಾಡುವುದೇ ಸರಿ, ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ ಮೈದಾನಕ್ಕೆ ನಡೆದು ಹೋಗುವಷ್ಟು ಹತ್ತಿರ. ಅಕ್ಟೋಬರ್ 29ರಿಂದ ನವೆಂಬರ್ 4ರವರೆಗಿನ ಕನ್ನಡ, ಇಂಗ್ಲಿಷ್ ಪತ್ರಿಕೆಗಳನ್ನೆಲ್ಲ ತೆಗೆಸಬೇಕು. ಮೊದಲ ದಿನದ ಆಟ ಮರುದಿನದ ಸಂಚಿಕೆಯಲ್ಲಿ ಬರುತ್ತದೆ ಎನ್ನುವುದನ್ನು ಮರೆತು "ನವೆಂಬರ್ 1ರಂದು ಆರಂಭ" ಎಂದು ಬರೆಯುವವರು ಇರುತ್ತಾರೆ. ತುರ್ತು ಪರಿಸ್ಥಿತಿಯ ಕಾಲ ಅದು, ಕ್ರೀಡಾ ಪುಟದಲ್ಲಷ್ಟೇ ಹುಡುಕಿದರೆ ಸಾಲದು, ಒಳಪುಟಗಳ ಮೂಲೆಯನ್ನೂ ನೋಡಬೇಕು. ಹಳೆಯ ಬೈಂಡ್ ಸಂಪುಟಗಳನ್ನು ಜೆರಾಕ್ಸ್ ಯಂತ್ರದ ಮೇಲೆ ಬೋರಲು ಹಾಕಿ ಒತ್ತಿದರೆ ಬೆನ್ನು ಬಿರಿಯುತ್ತದೆ, ಪುಟ ಪುಡಿಯಾಗುತ್ತದೆ. ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯುವುದೇ ಕ್ಷೇಮ. ವಾರ್ತಾ ಇಲಾಖೆಯ ಹಳೆಯ ನೆಗೆಟಿವ್‌ಗಳಲ್ಲಿ ಆ ರಾಜ್ಯೋತ್ಸವದ ಡಬ್ಬಿಯನ್ನೂ ಒಮ್ಮೆ ತೆರೆಸಿ. ಗಣ್ಯರು ಯಾರಾದರೂ ಮೈದಾನಕ್ಕೆ ಹೋಗಿದ್ದರೆ ಛಾಯಾಗ್ರಾಹಕರೂ ಹೋಗಿರುತ್ತಾರೆ.

ಮೂರನೆಯದಕ್ಕೆ ಎಲ್ಲಕ್ಕಿಂತ ಅವಸರ. ಅಂದು ಆಡಿದವರಲ್ಲಿ ಹೆಚ್ಚಿನವರಿಗೆ ಈಗ ಎಪ್ಪತ್ತರ ಆಸುಪಾಸು. ಹನ್ನೊಂದು ಮಂದಿಯಷ್ಟೇ ಅಲ್ಲ, ಕಾಯ್ದಿರಿಸಿದ ಆಟಗಾರ್ತಿಯರು, ಅಂಪೈರ್‌ಗಳು, ಸ್ಕೋರರ್‌ಗಳು, ಪಿಚ್ ನೋಡಿಕೊಂಡವರು, ಇವರಲ್ಲಿ ಯಾರಿದ್ದಾರೆ ಎಂದು ಪತ್ತೆಹಚ್ಚಿ ಮಾತು ದಾಖಲಿಸಬೇಕು. ಮದುವೆಯ ನಂತರ ಹೆಸರು ಬದಲಾದವರು ಹಳೆಯ ಹೆಸರಿನಲ್ಲಿ ಸಿಗುವುದಿಲ್ಲ, ಹಾಗಾಗಿ ಎರಡೂ ಹೆಸರಿನ ಪಟ್ಟಿ ಬೇಕು. ಸಂದರ್ಶನದ ಕ್ರಮವೂ ಮುಖ್ಯ. "ಆಗ ಹೇಗನಿಸಿತು" ಎಂದು ಕೇಳಿದರೆ ಐವತ್ತು ವರ್ಷ ಹೇಳಿ ಹೇಳಿ ಸವೆದ ಉತ್ತರವೇ ಬರುತ್ತದೆ. ಮೊದಲು ಸ್ಕೋರ್ ಕಾರ್ಡನ್ನು ಕೈಗೆ ಕೊಟ್ಟು ಹತ್ತು ನಿಮಿಷ ಬಿಡಿ. ಆಮೇಲೆ ಕೇಳಬೇಕಾದದ್ದು ವಸ್ತುಗಳ ಬಗ್ಗೆ: ಬ್ಯಾಟ್ ಯಾರದ್ದು, ಎಷ್ಟು ಮಂದಿ ಹಂಚಿಕೊಂಡಿರಿ, ಪ್ಯಾಡ್ ಅಳತೆ ಕಾಲಿಗೆ ಕೂರುತ್ತಿತ್ತೇ, ಯಾವ ರೈಲು, ಕಾಯ್ದಿರಿಸದ ಬೋಗಿಯೇ, ಎಲ್ಲಿ ಉಳಿದಿರಿ, ಊಟಕ್ಕೆ ಏನಿತ್ತು. ಎರಡು ಪ್ರತ್ಯೇಕ ಉಪಕರಣಗಳಲ್ಲಿ ಧ್ವನಿಮುದ್ರಣ ಆಗಲಿ, ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ. ಫ್ಯಾನ್ ಆರಿಸಿ. ಬಳಕೆಗೆ ಲಿಖಿತ ಒಪ್ಪಿಗೆ ಅಂದೇ ಪಡೆಯಿರಿ. ಮೂಲ ಕಡತ ರಾಜ್ಯ ಪತ್ರಾಗಾರ ಇಲಾಖೆಗೆ ಸೇರಲಿ. ಗುತ್ತಿಗೆ ಪಡೆದ ಕಾರ್ಯಕ್ರಮ ಸಂಸ್ಥೆಯ ಹಾರ್ಡ್‌ಡಿಸ್ಕಿನಲ್ಲಿ ಉಳಿದರೆ ಮುಂದಿನ ವರ್ಷಕ್ಕೆ ಯಾರಿಗೂ ಸಿಗುವುದಿಲ್ಲ.

ವೆಸ್ಟ್ ಇಂಡೀಸ್ ಆಟಗಾರ್ತಿಯರನ್ನು ಮರೆಯಬಾರದು. ಅವರ ನಾಡಿನ ಮಹಿಳೆಯರು ಇದುವರೆಗೆ ಆಡಿದ್ದೇ 12 ಟೆಸ್ಟ್, ಅದರಲ್ಲಿ ಆರು ಈ ಸರಣಿಯವು. ಈ ಐವತ್ತು ನಮ್ಮದಷ್ಟೇ ಅವರದ್ದೂ ಹೌದು. ಕರೆಸುವುದಾದರೆ ಒಂದು ತೊಡಕು: ಟ್ರಿನಿಡಾಡ್ ಮತ್ತು ಗಯಾನಾದಿಂದ ಬರುವವರಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನು ಭಾರತ ಕೇಳುತ್ತದೆ. ಚುಚ್ಚುಮದ್ದು ಹಾಕಿಸಿಕೊಂಡ ಹತ್ತು ದಿನದ ಮೇಲಷ್ಟೇ ಅದು ಊರ್ಜಿತ. ಪತ್ರವಿಲ್ಲದೆ ಇಳಿದರೆ ಆರು ದಿನದವರೆಗೆ ಪ್ರತ್ಯೇಕವಾಸ. ಅರವತ್ತು ದಾಟಿದವರಿಗೆ ಈ ಲಸಿಕೆ ಕೊಡುವಾಗ ವೈದ್ಯರು ಎರಡು ಸಲ ಯೋಚಿಸುತ್ತಾರೆ. ಅಂದರೆ ಆಹ್ವಾನ ಸೆಪ್ಟೆಂಬರ್ ಕೊನೆಗೆ ಹೋದರೆ ತಡವಾಯಿತು. ಬರಲಾಗದವರ ಸಂದರ್ಶನವನ್ನು ವಿಡಿಯೊ ಕರೆಯಲ್ಲೇ ಮಾಡಿಸಬಹುದು, ಬೆಂಗಳೂರಿನ ಸಂಜೆ ಏಳು ಅಲ್ಲಿನ ಬೆಳಗು.

ಜನಸಂದಣಿಯ ಮಾತು ಎತ್ತದೆ ಈ ಪತ್ರ ಮುಗಿಯದು. 2025ರ ಜೂನ್ 4ರಂದು ಇದೇ ಕ್ರೀಡಾಂಗಣದ ಗೇಟುಗಳ ಹೊರಗೆ 11 ಜೀವ ಹೋದವು. ಆಮೇಲೆ ಆ ವರ್ಷದ ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರಿನ ಕೈತಪ್ಪಿದವು. ಭಾರತ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ಕಪ್ ಎತ್ತಿದ್ದು ನವಿ ಮುಂಬೈಯಲ್ಲಿ, ನವೆಂಬರ್ 2ರಂದು. 1976ರ ಬೆಂಗಳೂರು ಟೆಸ್ಟ್ ಮುಗಿದ ದಿನವೂ ಅದೇ. ಹೀಗಿರುವಾಗ ಉಚಿತ ಪ್ರವೇಶದ ಸಾರ್ವಜನಿಕ ಸಂಭ್ರಮ ನಮಗೆ ಬೇಡ. ಮುನ್ನೂರು ನಾನೂರು ಆಸನದ ಸಭಾಂಗಣ ಸಾಕು: ಹೆಸರು ಮತ್ತು ಆಸನ ಸಂಖ್ಯೆ ಇರುವ ಆಹ್ವಾನ, ಒಳಬರಲು ಹೊರಹೋಗಲು ಬೇರೆ ಬೇರೆ ಬಾಗಿಲು, ಮೆಟ್ಟಿಲು ಹತ್ತಲಾಗದವರಿಗೆ ಇಳಿಜಾರು. ಅಕ್ಟೋಬರ್ ಕೊನೆಗೆ ಹಿಂಗಾರು ಮಳೆ ಇರುವುದರಿಂದ ಬಯಲಿಗಿಂತ ಸೂರಿನಡಿ ಮಾಡುವುದೇ ಜಾಣತನ.

ಪಂದ್ಯ ಬೇಕೇ ಬೇಕು ಎಂದು ಒತ್ತಡ ಬಂದರೆ, ಮಂತ್ರಿ–ತಾರೆಯರ ಹತ್ತು ಓವರ್ ಆಟ ಕೈಬಿಟ್ಟು 19 ವರ್ಷದೊಳಗಿನ ಹುಡುಗಿಯರ ಮೂರು ದಿನದ ಪಂದ್ಯ ಆಡಿಸಿ. ಬಿಳಿ ಉಡುಗೆ, ಕೆಂಪು ಚೆಂಡು, ಎರಡು ಇನಿಂಗ್ಸ್. ಐವತ್ತು ವರ್ಷಗಳಲ್ಲಿ ನಮ್ಮ ಮಹಿಳೆಯರಿಗೆ ಸಿಕ್ಕಿದ್ದು ನಲವತ್ತರ ಆಸುಪಾಸು ಟೆಸ್ಟ್. ದೇಶೀಯ ಮಟ್ಟದಲ್ಲಿ ವಲಯ ತಂಡಗಳ ಬಹುದಿನದ ಟೂರ್ನಿ ನಿಂತುಹೋಗಿ 2024ರಲ್ಲಿ ಮತ್ತೆ ಶುರುವಾಯಿತು. ಇಡೀ ದಿನ ಫೀಲ್ಡಿಂಗ್ ಮಾಡಿ ಮರುದಿನ ಮತ್ತೆ ಬೌಲಿಂಗ್‌ಗೆ ಬರುವುದು ಹೇಗೆಂದು ತಿಳಿಯಲು ಹುಡುಗಿಯರಿಗೆ ಬೇರೆ ದಾರಿ ಇಲ್ಲ. ಜಾಗ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಆಗಲಿ. 2014ರ ನವೆಂಬರ್‌ನಲ್ಲಿ ಅಲ್ಲಿ ತಿರುಷ್ ಕಾಮಿನಿ 192, ಪೂನಂ ರಾವುತ್ 130 ಹೊಡೆದು, ಹರ್ಮನ್‌ಪ್ರೀತ್ ಕೌರ್ ಒಟ್ಟು ಒಂಬತ್ತು ವಿಕೆಟ್ ಪಡೆದು, ಭಾರತ ದಕ್ಷಿಣ ಆಫ್ರಿಕಾವನ್ನು ಇನಿಂಗ್ಸ್ ಮತ್ತು 34 ರನ್‌ಗಳಿಂದ ಸೋಲಿಸಿತು. ಅದಾದ ಮೇಲೆ ನಮ್ಮವರಿಗೆ ಮುಂದಿನ ಟೆಸ್ಟ್ ಸಿಕ್ಕಿದ್ದು 2021ರ ಜೂನ್‌ನಲ್ಲಿ, ಬ್ರಿಸ್ಟಲ್‌ನಲ್ಲಿ. ಗೆದ್ದ ತಂಡವನ್ನು ಆರೂವರೆ ವರ್ಷ ಕೂರಿಸಿದ ಸಂಗತಿಯನ್ನೂ ಪ್ರದರ್ಶನದಲ್ಲಿ ಒಂದು ಸಾಲು ಹಾಕಿ, ಉತ್ಸವ ಎಂದು ಮುಚ್ಚಿಡಬೇಕಿಲ್ಲ. ಮಳೆಗೆ ಒಂದು ದಿನ ಹೆಚ್ಚುವರಿ ಇಟ್ಟುಕೊಳ್ಳಿ.

ವಿಜಯಪುರದ ರಾಜೇಶ್ವರಿ ಗಾಯಕವಾಡ್, ಕಡೂರಿನ ವೇದಾ ಕೃಷ್ಣಮೂರ್ತಿ ಇಬ್ಬರೂ ಸೇರಿ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡನ್ನು ಮಣಿಸಿದ ಪಂದ್ಯ (ರಾಜೇಶ್ವರಿ 15 ರನ್‌ಗೆ 5 ವಿಕೆಟ್, ವೇದಾ 45 ಎಸೆತಗಳಲ್ಲಿ 70 ರನ್) ಜಿಲ್ಲಾ ಕ್ರೀಡಾಂಗಣಗಳ ಗೋಡೆಗೆ ಹೋಗಲಿ. ಬೆಂಗಳೂರಿನ ಗೋಡೆ 1976ಕ್ಕೇ ಮೀಸಲಿರಲಿ, ಎಲ್ಲವನ್ನೂ ಒಂದೇ ಕಡೆ ತುರುಕಿದರೆ ಯಾವುದನ್ನೂ ಯಾರೂ ಓದುವುದಿಲ್ಲ.

ಈಗ ನಿಮ್ಮಿಂದ ಬೇಕಿರುವುದು ಹೆಚ್ಚೇನಲ್ಲ. ಪತ್ರಾಗಾರ, ಗ್ರಂಥಾಲಯ, ವಾರ್ತಾ ಇಲಾಖೆಗಳ ದಾಖಲೆ ನೋಡಲು ಅನುಮತಿ ಕೊಡುವ ಒಂದು ಆದೇಶ, ಅದರ ಹೊಣೆಗೆ ವರ್ಗಾವಣೆಯ ಭಯವಿಲ್ಲದೆ ನವೆಂಬರ್‌ವರೆಗೆ ಇರುವ ಒಬ್ಬ ಅಧಿಕಾರಿ, ಸಂದರ್ಶನ ತಂಡದ ಓಡಾಟಕ್ಕೆ ಹಣ. ಜೊತೆಗೆ ಬಿಹಾರದ ಕ್ರೀಡಾ ಸಚಿವರಿಗೆ ಒಂದು ಕಾಗದ ಬರೆಯಿರಿ. ಮೊದಲ ಗೆಲುವಿಗೂ ಇದೇ ನವೆಂಬರ್‌ನಲ್ಲಿ ಐವತ್ತು ತುಂಬುತ್ತದೆ, ಸಂದರ್ಶಿಸಬೇಕಾದವರು ಬಹುಪಾಲು ಬೆಂಗಳೂರಿನಲ್ಲಿ ಆಡಿದವರೇ. ಎರಡು ಸರ್ಕಾರ ಎರಡು ತಂಡ ಕಳಿಸಿ ಆ ಹಿರಿಯರನ್ನು ಎರಡೆರಡು ಸಲ ಕೂರಿಸುವ ಬದಲು ಒಂದೇ ಧ್ವನಿಮುದ್ರಣವನ್ನು ಹಂಚಿಕೊಳ್ಳಬಹುದು.

ಇಂತಿ ತಮ್ಮ ವಿಶ್ವಾಸಿಗಳು,
ಸ್ಕೋರ್ ಬರೆಯುವ, ಹಳೆಯ ದಾಖಲೆ ತಾಳೆ ನೋಡುವ ಕೆಲವರು
ಬೆಂಗಳೂರು