ಮುಖಕ್ಕೆ ಕಟ್ಟಿಕೊಳ್ಳುವ ಟಾಕೀಸು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

"ಟೀವಿ ಬದಲು ಒಂದು ವಿಆರ್ ಹೆಡ್‌ಸೆಟ್ ತಗೊಂಡ್ರೆ ಸಿನಿಮಾನೂ ಆಯ್ತು, ಗೇಮೂ ಆಯ್ತು, ಅಲ್ವೇನೋ?" ಅಂತ ಒಂದೇ ಸಾಲಲ್ಲಿ ಕೇಳಿ ಸುಮ್ಮನಾಗಿದ್ದೀಯ. ನಾನೂ ಒಂದೇ ಸಾಲಲ್ಲಿ ಉತ್ತರ ಬರೆದಿದ್ದೆ, ಆಮೇಲೆ ಅಳಿಸಿದೆ. ಕಾರಣ ಕೊಡದೆ ಹೇಳಿದರೆ ನೀನು ಒಪ್ಪುವ ಆಸಾಮಿಯಲ್ಲ. ಇದೇ ಪ್ರಶ್ನೆಯನ್ನು ಇನ್ನೂ ಇಬ್ಬರು ಮೂವರು ಕೇಳಿದ್ದಾರೆ, ಹಾಗಾಗಿ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. (ಗೊತ್ತಿಲ್ಲದವರಿಗೆ: ವಿಆರ್ ಅಂದರೆ ವರ್ಚುವಲ್ ರಿಯಾಲಿಟಿ. ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೆಯೇ ಲೋಕ ಕಾಣಿಸುವ ಸಾಧನ ಈ ಹೆಡ್‌ಸೆಟ್.) ಬೇಜಾರು ಮಾಡ್ಕೋಬೇಡ.

ಅಳಿಸಿದ ಸಾಲು ಇದು: ಗೇಮಿಗಾದರೆ ಕಣ್ಣು ಮುಚ್ಚಿ ತಗೋ, ಟೀವಿ ಬದಲಿಗೆ ಅಂತಾದರೆ ಬೇಡ.

ಕಾರಣಕ್ಕೆ ಬರುವ ಮುಂಚೆ ಒಂದು ಎಚ್ಚರಿಕೆ. ಕಡಿಮೆ ದುಡ್ಡಿನ ವಿಆರ್ ಅಂತ ಹುಡುಕಿದರೆ ನಿನ್ನ ಮುಂದೆ ಮೂರು ಬೇರೆ ಬೇರೆ ಜಾತಿಯ ಸಾಮಾನು ಒಂದೇ ಹೆಸರಲ್ಲಿ ಬಂದು ಕೂರುತ್ತವೆ. ಮೊದಲನೆಯದು ಫೋನನ್ನು ಒಳಗೆ ತುರುಕುವ ಡಬ್ಬಿ. 2014ರಲ್ಲಿ ಗೂಗಲ್ ರಟ್ಟಿನಲ್ಲಿ ಮಾಡಿ ತೋರಿಸಿದ ಕಾರ್ಡ್‌ಬೋರ್ಡಿನ ಸಂತಾನ ಅದು. ಅದರಲ್ಲಿ ಎರಡು ಭೂತಗನ್ನಡಿ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇರುವುದಿಲ್ಲ. ಎರಡನೆಯದು ತನ್ನದೇ ಪರದೆ, ತನ್ನದೇ ಪ್ರೊಸೆಸರ್ ಇದ್ದರೂ ತಲೆ ತಿರುಗಿದ್ದನ್ನು ಮಾತ್ರ ಗುರುತಿಸುವಂಥದ್ದು. 2018ರ ಆಕ್ಯುಲಸ್ ಗೋ ಈ ಜಾತಿ. ನೀನು ಎಡಕ್ಕೆ, ಬಲಕ್ಕೆ, ಮೇಲಕ್ಕೆ ನೋಡಿದರೆ ಅದಕ್ಕೆ ತಿಳಿಯುತ್ತದೆ. ಒಂದು ಹೆಜ್ಜೆ ಮುಂದಿಟ್ಟರೆ ತಿಳಿಯುವುದಿಲ್ಲ. ಮೇಜಿನ ಮೇಲೆ ಏನಿದೆ ಅಂತ ಬಗ್ಗಿ ನೋಡಲು ಹೋದರೆ ಮೇಜೂ ನಿನ್ನ ಜೊತೆಗೇ ಮುಂದಕ್ಕೆ ಸರಿಯುತ್ತದೆ. ಹತ್ತು ನಿಮಿಷ ಹೀಗಾದರೆ ಹೊಟ್ಟೆ ತೊಳಸುವುದಕ್ಕೆ ಶುರು. ಮೂರನೆಯದು, ಹೊರಮೈಯಲ್ಲಿ ಕ್ಯಾಮೆರಾಗಳಿದ್ದು ನೀನು ಬಗ್ಗಿದ್ದು, ನಡೆದಿದ್ದು, ಕೂತದ್ದು ಎಲ್ಲವನ್ನೂ ಲೆಕ್ಕ ಹಿಡಿಯುವಂಥದ್ದು. 2019ರ ಮೊದಲ ಕ್ವೆಸ್ಟ್ ಕಂಪ್ಯೂಟರಿಗೆ ವಯರು ಕಟ್ಟದೆಯೇ ಇದನ್ನು ಮಾಡುತ್ತಿತ್ತು. ಕೊಳ್ಳುವುದಾದರೆ ಇದನ್ನೇ ಕೊಳ್ಳಬೇಕು. ಈ ಗುಂಪಿನ ಅಗ್ಗದ ತುದಿಯಲ್ಲಿ ಈಗ ಎಲ್ಲರ ಬಾಯಲ್ಲಿರುವುದು 2024ರ ಅಕ್ಟೋಬರಿನಲ್ಲಿ ಬಂದ, ಫೇಸ್‌ಬುಕ್ಕಿನ ಒಡೆಯರಾದ ಮೆಟಾ ಕಂಪನಿಯ ಕ್ವೆಸ್ಟ್ 3ಎಸ್. ನಾನು ಮುಂದೆ ಹೇಳುವ ಲೆಕ್ಕವೆಲ್ಲ ಹೆಚ್ಚುಕಡಿಮೆ ಅದರದ್ದೇ.

ಸಿನಿಮಾ ವಿಷಯಕ್ಕೆ ಬರೋಣ. ಒಂದು ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ ಹೆಬ್ಬೆರಳು ಎತ್ತಿ ನೋಡು. ಆ ಹೆಬ್ಬೆರಳಿನ ಅಗಲ ನಿನ್ನ ಕಣ್ಣಿಗೆ ಸುಮಾರು ಎರಡು ಡಿಗ್ರಿ. ಒಳ್ಳೆಯ ಕಣ್ಣು ಒಂದು ಡಿಗ್ರಿಯಲ್ಲಿ 60ರಷ್ಟು ಚುಕ್ಕೆಗಳನ್ನು ಬಿಡಿಬಿಡಿಯಾಗಿ ಕಾಣಬಲ್ಲದು ಅನ್ನುತ್ತಾರೆ. ಅಂದರೆ ಆ ಹೆಬ್ಬೆರಳಿನ ಹಿಂದೆ 120 ಚುಕ್ಕೆ. ಈ ಹೆಡ್‌ಸೆಟ್ಟಿನಲ್ಲಿ ಅಲ್ಲಿ ಸಿಗುವುದು ಹತ್ತಿರ ಹತ್ತಿರ 40. ಪ್ರತಿ ಕಣ್ಣಿಗೆ 1832 × 1920 ಪಿಕ್ಸೆಲ್ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ, ಅದು ಸುಳ್ಳಲ್ಲ. ಆದರೆ ಅಷ್ಟನ್ನೂ 96 ಡಿಗ್ರಿ ಅಗಲಕ್ಕೆ ಎಳೆದು ಹಾಸಿದ್ದಾರೆ. ಒಂದು ಚಾದರವನ್ನು ಇಡೀ ಜಗಲಿಗೆ ಹಾಸಲು ಹೋದಂತೆ.

ಈಗ ನೀನು ಒಳಗೆ ದೊಡ್ಡ ಟಾಕೀಸು ತೆರೆದು, ಪರದೆಯನ್ನು 60 ಡಿಗ್ರಿ ಅಗಲಕ್ಕೆ ಹಿಗ್ಗಿಸಿ, ಸಿನಿಮಾ ಹಾಕಿದೆ ಅಂದುಕೋ. ಆ ಪರದೆಗೆ ಬಂದದ್ದು 1200 ಚುಕ್ಕೆಯಷ್ಟು ಅಗಲ. ಫುಲ್ ಎಚ್‌ಡಿ ಸಿನಿಮಾದ ಅಗಲವೇ 1920. ಫೋರ್‌ಕೆ ಫೈಲನ್ನು ಗಂಟೆಗಟ್ಟಲೆ ಡೌನ್‌ಲೋಡ್ ಮಾಡಿ ಹಾಕಿದರೂ ಕಣ್ಣಿಗೆ ತಲುಪುವುದು 1280 ಚುಕ್ಕೆ ಅಗಲದ 720ಪಿ ವಿಡಿಯೋಗಿಂತ ಒಂದು ಕೂದಲು ಕಮ್ಮಿ. ಅದೇ ಒಂದು 55 ಇಂಚಿನ ಸಾಮಾನ್ಯ ಫುಲ್ ಎಚ್‌ಡಿ ಟೀವಿಯನ್ನು ಎರಡೂವರೆ ಮೀಟರ್ ದೂರ ಕೂತು ನೋಡಿದರೆ ಡಿಗ್ರಿಗೆ 70 ಚುಕ್ಕೆ ಸಿಗುತ್ತದೆ. ಟೀವಿ ಬದಲಿಗೆ ಬೇಡ ಅಂದದ್ದು ಇದಕ್ಕೇ.

ಇಷ್ಟು ಹೇಳಿದ ಮೇಲೂ ಒಂದು ಮಾತು ಒಪ್ಪಿಕೊಳ್ಳಬೇಕು. ಮೊದಲ ಸಲ ಆ ಪರದೆ ಎದುರಿಗೆ ನಿಂತಾಗ ಬಾಯಿ ತೆರೆದೇ ಇರುತ್ತದೆ. ಮಲಗಿಕೊಂಡು ಚಾವಣಿಗೆ ಪರದೆ ಅಂಟಿಸಿ ನೋಡುವ ಸುಖ ಯಾವ ಟೀವಿಯೂ ಕೊಡುವುದಿಲ್ಲ. ತ್ರೀಡಿ ಸಿನಿಮಾ ಆದರಂತೂ ಹೆಡ್‌ಸೆಟ್ಟಿಗೇ ಗೆಲುವು. ಥಿಯೇಟರಿನ ತ್ರೀಡಿ ಕನ್ನಡಕ ಬೆಳಕನ್ನು ನುಂಗಿ ಚಿತ್ರವನ್ನು ಮಂಕು ಮಾಡುತ್ತದೆ. ಇಲ್ಲಿ ಎಡಗಣ್ಣಿಗೆ ಎಡಗಣ್ಣಿನದೇ ಚಿತ್ರ, ಬಲಗಣ್ಣಿಗೆ ಬಲಗಣ್ಣಿನದೇ, ಒಂದರ ನೆರಳು ಇನ್ನೊಂದರ ಮೇಲೆ ಬೀಳುವುದಿಲ್ಲ. 180 ಡಿಗ್ರಿಯಲ್ಲಿ ತೆಗೆದ ತ್ರೀಡಿ ವಿಡಿಯೋಗಳೂ ಹಾಗೆಯೇ, ಅವು ಬೇರೆ ಎಲ್ಲೂ ನೋಡಲು ಬಾರದಂಥವು.

ಆದರೆ ರಾತ್ರಿಯ ದೃಶ್ಯ ಬಂತೋ, ಗುಟ್ಟು ರಟ್ಟು. ಅಗ್ಗದ ಹೆಡ್‌ಸೆಟ್‌ಗಳಲ್ಲಿ ಇರುವುದು ಎಲ್‌ಸಿಡಿ ಪರದೆ. ಹಿಂದೆ ದೀಪ ಉರಿಯುತ್ತಲೇ ಇರುತ್ತದಾದ್ದರಿಂದ ಕಪ್ಪು ಕಪ್ಪಾಗದೆ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಟೀವಿಯಲ್ಲೂ ಈ ತೊಂದರೆ ಇದೆ, ಆದರೆ ಅಲ್ಲಿ ಕೋಣೆಯ ಬೆಳಕಿನಲ್ಲಿ ಮುಚ್ಚಿಹೋಗುತ್ತದೆ. ಇಲ್ಲಿ ಸುತ್ತ ಕತ್ತಲೆ, ಬೂದಿ ಎದ್ದು ಕಾಣುತ್ತದೆ. ಇನ್ನೊಂದು, ಲೆನ್ಸು. 3ಎಸ್‌ನಲ್ಲಿರುವುದು ಫ್ರೆನೆಲ್ ಲೆನ್ಸ್. ಅದರ ಮೈಮೇಲೆ ಗ್ರಾಮಫೋನ್ ತಟ್ಟೆಯ ಹಾಗೆ ಸುತ್ತುಸುತ್ತು ಗೆರೆಗಳಿರುತ್ತವೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಂದಾಗ ಆ ಗೆರೆಗಳಿಗೆ ಬೆಳಕು ತಾಗಿ ಅಕ್ಷರಗಳಿಂದ ಉದ್ದುದ್ದ ಕಿರಣ ಹೊರಡುತ್ತದೆ. ಸಬ್‌ಟೈಟಲ್ ಓದುತ್ತಾ ಸಿನಿಮಾ ನೋಡುವವನಿಗೆ ಇದು ಕಿರಿಕಿರಿ. ಜೊತೆಗೆ ಲೆನ್ಸಿನ ನಟ್ಟನಡುವೆ ಮಾತ್ರ ಚಿತ್ರ ಸ್ಫುಟ, ಅಂಚಿಗೆ ಹೋದಂತೆ ಮಸುಕು. ಹಾಗಾಗಿ ಪರದೆಯ ಮೂಲೆ ನೋಡಬೇಕಾದರೆ ಕಣ್ಣು ಹೊರಳಿಸಿದರೆ ಸಾಲದು, ಕತ್ತೇ ತಿರುಗಿಸಬೇಕು. ಇದರ ಅಣ್ಣ, 2023ರ ಕ್ವೆಸ್ಟ್ 3ರಲ್ಲಿ, ಪ್ಯಾನ್‌ಕೇಕ್ ಲೆನ್ಸ್ ಇದೆ, ಡಿಗ್ರಿಗೆ 25 ಚುಕ್ಕೆ ಇದೆ, ಅಂಚಿನವರೆಗೂ ಚೆನ್ನಾಗಿ ಕಾಣುತ್ತದೆ. ಆದರೆ ಬೆಲೆಯಲ್ಲೂ ಅಣ್ಣನೇ.

ತೂಕ 514 ಗ್ರಾಂ. ಅರ್ಧ ಕೇಜಿ ಅಷ್ಟೇ ತಾನೆ ಅನ್ನಬೇಡ, ಅದೆಲ್ಲ ಮುಖದ ಮುಂದೆಯೇ ನೇತಾಡುತ್ತದೆ. ನಲವತ್ತನೇ ನಿಮಿಷಕ್ಕೆ ಕೆನ್ನೆಯ ಮೂಳೆ ಇದೆ ಅಂತ ಗೊತ್ತಾಗುತ್ತದೆ, ತೆಗೆದಾಗ ಹಣೆಯ ಮೇಲೆ ಈಜುವವರ ಕನ್ನಡಕದ ಗುರುತಿನಂಥ ಕೆಂಪು ಬರೆ. ಜೊತೆಗೆ ಬರುವ ಬಟ್ಟೆಯ ಪಟ್ಟಿಯನ್ನು ತೆಗೆದು ಹಾಕಿ, ಹಣೆಗೆ ಭಾರ ಹೊರಿಸುವ ಬೇರೆ ಪಟ್ಟಿ ಹಾಕಿಕೊಂಡರೆ ಎಷ್ಟೋ ವಾಸಿ. ಬ್ಯಾಟರಿ ಸರಾಸರಿ ಎರಡೂವರೆ ಗಂಟೆ. ಉದ್ದದ ಸಿನಿಮಾವಾದರೆ ಕ್ಲೈಮ್ಯಾಕ್ಸಿನ ಹೊತ್ತಿಗೆ ಸರಿಯಾಗಿ ಚಾರ್ಜ್ ಮಾಡು ಅಂತ ಕೆಂಪು ಗುರುತು ಬರುತ್ತದೆ. ಅಂದಹಾಗೆ, ಸಿನಿಮಾ ಸೆಕೆಂಡಿಗೆ 24 ಚಿತ್ರ. ಸೆಟ್ಟಿಂಗಿನಲ್ಲಿ ಅವಕಾಶವಿದ್ದರೆ 72 ಹರ್ಟ್ಸ್ ಇಡು, ಅಂದರೆ ಪರದೆ ಸೆಕೆಂಡಿಗೆ 72 ಸಲ ಹೊಸದಾಗುತ್ತದೆ, ಪ್ರತಿ ಚಿತ್ರ ಸರಿಯಾಗಿ ಮೂರು ಸಲ ಬಂದು ಕ್ಯಾಮೆರಾ ತಿರುಗುವಾಗಿನ ತಡವರಿಕೆ ಕಡಿಮೆಯಾಗುತ್ತದೆ. 90ಕ್ಕೆ ಆ ಲೆಕ್ಕ ಕೂಡಿಬರುವುದಿಲ್ಲ.

ಇನ್ನು ನನಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಬೇರೆಯೇ. ಒಂದು ರಾತ್ರಿ ಹಾಸ್ಯದ ಸಿನಿಮಾ ಹಾಕಿಕೊಂಡಿದ್ದೆ. ಒಂದು ದೃಶ್ಯಕ್ಕೆ ಜೋರಾಗಿ ನಕ್ಕು ಪಕ್ಕಕ್ಕೆ ತಿರುಗಿದೆ, "ನೋಡಿದ್ಯಾ?" ಅನ್ನಲಿಕ್ಕೆ. ಪಕ್ಕದಲ್ಲಿ ಸಾಲುಸಾಲು ಖಾಲಿ ಕುರ್ಚಿಗಳು, ಅವೂ ಯಾರೋ ಬರೆದ ಚಿತ್ರ. ಆಚೆಯಿಂದ ಹೆಂಡತಿ "ಅದೇನು ಒಬ್ಬರೇ ನಗ್ತೀರಲ್ಲ, ಹೆದರಿಕೆ ಆಗತ್ತೆ" ಅಂದಳು. ನಿನಗೆ ಮನೆ ತುಂಬ ಜನ. ಅವರೆಲ್ಲ ಹಾಲ್‌ನಲ್ಲಿ ಕೂತಿರುವಾಗ ನೀನೊಬ್ಬ ಮೂಗಿನ ಮೇಲೆ ಟಾಕೀಸು ಕಟ್ಟಿಕೊಂಡು ಕೂರುವುದನ್ನು ನೆನೆಸಿಕೋ.

ಸಾಕು ಸಿನಿಮಾ. ಗೇಮಿನ ಕಥೆಯೇ ಬೇರೆ, ಮಾರಾಯ.

ಮೇಲೆ ಎಣಿಸಿದ ಕೊರತೆಗಳೆಲ್ಲ ಗೇಮಿನಲ್ಲಿಯೂ ಇವೆ, ಆದರೆ ಅವನ್ನು ಗಮನಿಸಲು ಪುರುಸೊತ್ತು ಇರುವುದಿಲ್ಲ. ಬೀಟ್ ಸೇಬರ್ ಅಂತ ಒಂದು ಗೇಮ್ ಇದೆ, ಪ್ರಾಗ್ ನಗರದ ಹುಡುಗರು ಮಾಡಿ 2018ರಲ್ಲಿ ಮೊದಲು ಬಿಟ್ಟದ್ದು. ಎರಡು ಕೈಯಲ್ಲಿ ಎರಡು ಬೆಳಕಿನ ಕತ್ತಿ, ತಾಳಕ್ಕೆ ತಕ್ಕಂತೆ ನಿನ್ನತ್ತ ಹಾರಿಬರುವ ಘನಗಳನ್ನು ಬಾಣದ ಗುರುತಿದ್ದ ದಿಕ್ಕಿಗೇ ಕಡಿಯಬೇಕು. ಕೇಳಲಿಕ್ಕೆ ಮಕ್ಕಳಾಟ. ಮೂರು ಹಾಡು ಮುಗಿಯುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತದೆ, ನಾಲ್ಕನೆಯದು ಹಾಕದೆ ಬಿಡಲಾಗುವುದಿಲ್ಲ. ಘನದ ಅಂಚು ಎಷ್ಟು ಸ್ಫುಟವಾಗಿದೆ ಅಂತ ಆಗ ಯಾರು ನೋಡುತ್ತಾರೆ? ನಿನ್ನ ಕೈ ಎಲ್ಲಿದೆಯೋ ಕತ್ತಿ ಅಲ್ಲಿರಬೇಕು, ಅಷ್ಟೇ. ಅದನ್ನು ಈ ಅಗ್ಗದ ಡಬ್ಬಿ ತಪ್ಪಿಲ್ಲದೆ ಮಾಡುತ್ತದೆ. ಒಳಗಿನ ಸ್ನ್ಯಾಪ್‌ಡ್ರಾಗನ್ ಎಕ್ಸ್‌ಆರ್2 ಜೆನ್ 2 ಚಿಪ್ಪು ದುಬಾರಿ ಅಣ್ಣನಲ್ಲಿ ಇರುವುದೇ. ಗೇಮಿನ ಮಟ್ಟಿಗೆ ನೀನು ಉಳಿಸಿದ ದುಡ್ಡು ನಿಜವಾಗಿ ಉಳಿದದ್ದು.

ಟೇಬಲ್ ಟೆನ್ನಿಸ್, ಬಾಕ್ಸಿಂಗ್, ಬಿಲ್ಲು ಬಾಣ, ಒಗಟು ಬಿಡಿಸುವುದು, ಹೀಗೆ ಕೈಯಿಂದಲೇ ಆಡುವಂಥವು ಚೆನ್ನ. ಹುಷಾರಾಗಿರಬೇಕಾದ್ದು, ನೀನು ನಿಂತಲ್ಲೇ ನಿಂತಿದ್ದು ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಪುಟ್ಟ ಕೋಲು ಒತ್ತಿ ಒಳಗೆ ಓಡಾಡುವ ಗೇಮುಗಳ ಬಗ್ಗೆ. ಕಣ್ಣು "ಓಡುತ್ತಿದ್ದೇವೆ" ಅನ್ನುತ್ತದೆ, ಒಳಕಿವಿ "ಇಲ್ಲವಲ್ಲ, ನಿಂತಿದ್ದೇವೆ" ಅನ್ನುತ್ತದೆ. ಈ ಜಗಳದಲ್ಲಿ ಸೋಲುವುದು ಹೊಟ್ಟೆ. ಬಸ್ಸಿನಲ್ಲಿ ಪುಸ್ತಕ ಓದಿದರೆ ನಿನಗೆ ಆಗುವುದಿಲ್ಲ ಅಂತ ನನಗೆ ನೆನಪಿದೆ, ಆದ್ದರಿಂದ ನೀನು ಮೊದಲ ತಿಂಗಳು ಆ ಕಡೆ ತಲೆ ಹಾಕಬೇಡ. ಸೆಟ್ಟಿಂಗಿನಲ್ಲಿ ಟೆಲಿಪೋರ್ಟ್ ಅಂತ ಇದ್ದರೆ ಅದನ್ನು ಆರಿಸಿಕೋ, ಒಂದು ಜಾಗದಿಂದ ಇನ್ನೊಂದಕ್ಕೆ ಹಾರಿದಂತಾಗುತ್ತದೆ, ಜಾರುವುದು ತಪ್ಪುತ್ತದೆ. ಹಣೆಯಲ್ಲಿ ತಣ್ಣನೆ ಬೆವರು ಕಂಡ ಕೂಡಲೇ ತೆಗೆದುಬಿಡು. "ಇನ್ನೊಂದೈದು ನಿಮಿಷ" ಅಂತ ಹಟ ಮಾಡಿ ನಾನೊಮ್ಮೆ ಇಡೀ ಸಂಜೆ ಮಲಗಿದ್ದೆ.

ಜಾಗ ಎರಡು ಮೀಟರಿಗೆ ಎರಡು ಮೀಟರ್ ಖಾಲಿ ಬೇಕು. ಗಡಿ ಹಾಕಿಕೊಟ್ಟರೆ ದಾಟುವಾಗ ಬಲೆಯಂಥದ್ದು ಕಾಣಿಸಿ ಎಚ್ಚರಿಸುತ್ತದೆ, ನಿಜ. ಆದರೆ ಕೈ ಬೀಸಿದ ರಭಸಕ್ಕೆ ಎಚ್ಚರಿಕೆ ಬರುವುದೂ ಪೆಟ್ಟು ಬೀಳುವುದೂ ಒಟ್ಟೊಟ್ಟಿಗೆ. ನಮ್ಮ ಬೀರುವಿನ ಬಾಗಿಲಲ್ಲಿ ಬೆರಳಿನ ಗಂಟಿನ ಅಚ್ಚೇ ಕೂತಿದೆ. ಕಂಟ್ರೋಲರಿನ ದಾರವನ್ನು ಮಣಿಕಟ್ಟಿಗೆ ಹಾಕಿಕೊಳ್ಳದೆ ಆಡಬೇಡ, ಇಲ್ಲದಿದ್ದರೆ ಎದುರಿಗೆ ಟೀವಿ ಇದ್ದರೆ ಅದರ ಕಥೆ ಮುಗಿಯಿತು.

ನಿನ್ನ ಹತ್ತಿರ ಗೇಮಿಂಗ್ ಕಂಪ್ಯೂಟರ್ ಇರುವುದರಿಂದ ಇನ್ನೊಂದು ಲಾಭವಿದೆ. ವೈಫೈ ಮೂಲಕವೋ ಯುಎಸ್‌ಬಿ ಕೇಬಲ್ಲಿನಲ್ಲೋ ಜೋಡಿಸಿದರೆ ಇದೇ ಹೆಡ್‌ಸೆಟ್ಟು ಕಂಪ್ಯೂಟರಿನ ವಿಆರ್ ಪರದೆಯಾಗುತ್ತದೆ. 2020ರ ಹಾಫ್-ಲೈಫ್: ಆಲಿಕ್ಸ್‌ನಂಥ ಗೇಮ್ ಹೆಡ್‌ಸೆಟ್ಟಿನ ಶಕ್ತಿಯಲ್ಲಿ ಓಡುವುದಲ್ಲ, ಕಂಪ್ಯೂಟರ್ ಓಡಿಸಿ ಚಿತ್ರ ಕಳಿಸಬೇಕು. ವೈಫೈ ಆದರೆ ರೌಟರ್ ಅದೇ ಕೋಣೆಯಲ್ಲಿರಲಿ, ಕಂಪ್ಯೂಟರಿನಿಂದ ರೌಟರಿಗೆ ಮಾತ್ರ ವಯರು ಎಳಿ. ಮೆಮೊರಿ 128 ಜಿಬಿ ಸಾಕು, ಆಮೇಲೆ ಕಾರ್ಡು ಹಾಕಿ ಹೆಚ್ಚಿಸಲು ಬರುವುದಿಲ್ಲ ಅನ್ನುವುದು ತಲೆಯಲ್ಲಿರಲಿ. ಹೆಡ್‌ಫೋನ್ ಜ್ಯಾಕೂ ಇಲ್ಲ. ಬ್ಲೂಟೂತ್ ಹಾಕಿದರೆ ಶಬ್ದ ಒಂದು ಚೂರು ತಡವಾಗಿ ಬಂದು ತಾಳ ತಪ್ಪುತ್ತದೆ, ಹೆಡ್‌ಸೆಟ್ಟಿನಲ್ಲೇ ಇರುವ ಸ್ಪೀಕರ್ ಸಾಕು. ಮಗನಿಗೆ ಒಂಬತ್ತು ಅಲ್ಲವಾ? ಮೆಟಾದವರೇ ಹತ್ತು ವರ್ಷದ ಕೆಳಗಿನವರಿಗೆ ಬೇಡ ಅಂದಿದ್ದಾರೆ, ಅವನ ಹಟಕ್ಕೆ ಇದನ್ನೇ ಹೇಳು.

ಕೊಳ್ಳುವ ಮುಂಚೆ ಒಂದು ಕೆಲಸ ಮಾಡು. ಕನ್ನಡಿ ಮುಂದೆ ನಿಂತು, ಅಳತೆಪಟ್ಟಿಯನ್ನು ಹುಬ್ಬಿಗೆ ಒತ್ತಿ ಹಿಡಿದು, ಒಂದು ಕಣ್ಣಿನ ಪಾಪೆಯ ನಡುವಿನಿಂದ ಇನ್ನೊಂದರ ನಡುವಿಗೆ ಎಷ್ಟು ಮಿಲಿಮೀಟರ್ ಅಂತ ನೋಡು. 3ಎಸ್‌ನಲ್ಲಿ ಲೆನ್ಸುಗಳು ಮೂರೇ ಅಂತರಕ್ಕೆ ನಿಲ್ಲುತ್ತವೆ: 58, 63, 68. ನಿನ್ನದು ಇವುಗಳ ಆಸುಪಾಸು ಇದ್ದರೆ ಸರಿ. 72 ಅಂತ ಬಂದರೆ ಚಿತ್ರ ಸರಿಯಾಗಿ ಕೂಡದೆ ತಲೆನೋವು ಬರಬಹುದು.

ತಂದ ಮೇಲೆ ಒಂದೇ ಒಂದು ಕಟ್ಟುನಿಟ್ಟು: ಲೆನ್ಸನ್ನು ಬಿಸಿಲಿಗೆ ತೋರಿಸಬೇಡ. ನನ್ನ ಹಳೆಯ ಹೆಡ್‌ಸೆಟ್ಟನ್ನು ಒಂದು ಬೆಳಿಗ್ಗೆ ಕಿಟಕಿಯ ಪಕ್ಕದಲ್ಲಿ ಲೆನ್ಸ್ ಮೇಲಾಗಿ ಇಟ್ಟು ಮರೆತಿದ್ದೆ. ಚಿಕ್ಕಂದಿನಲ್ಲಿ ಭೂತಗನ್ನಡಿ ಹಿಡಿದು ಕಾಗದ ಸುಡುತ್ತಿದ್ದೆವಲ್ಲ, ಅದೇ ಆಟ ಸೂರ್ಯ ಒಳಗಿನ ಪರದೆಯ ಮೇಲೆ ಆಡಿದ್ದ. ಬಲಗಣ್ಣಿನ ಮೇಲ್ಭಾಗದಲ್ಲಿ ಸಾಸಿವೆಯಷ್ಟು ಹಳದಿ ಕಲೆ. ಆಮೇಲೆ ಯಾವ ಸಿನಿಮಾ ಹಾಕಿದರೂ ನಾಯಕಿಯ ಹಣೆಯ ಮೇಲೊಂದು, ಆಕಾಶದಲ್ಲೊಂದು, ಖಳನ ಹಲ್ಲಿನ ಮೇಲೊಂದು, ಅದೇ ಚುಕ್ಕೆ. ರಿಪೇರಿ ಮಾಡುವವರು ನೋಡಿ, ಇದು ನಿಮ್ಮದೇ ತಪ್ಪು ಅಂತ ನಯವಾಗಿ ಹೇಳಿ ವಾಪಸ್ ಕೊಟ್ಟರು.

ಆ ಕಲೆ ಬಿದ್ದದ್ದು ಇನ್ನೂ ನನ್ನ ಹತ್ತಿರವೇ ಇದೆ, ಹೊಸದೂ ಇದೆ. ಬರುವ ಭಾನುವಾರ ಬಾ. ಮೊದಲು ಅರ್ಧ ಗಂಟೆ ಒಂದು ಸಿನಿಮಾ ನೋಡು, ಆಮೇಲೆ ಎರಡು ಹಾಡಿಗೆ ಕತ್ತಿ ಬೀಸು, ಕೊಳ್ಳುವ ಮಾತು ಅಷ್ಟಾದ ಮೇಲೆ ಆಡೋಣ. ಆ ಅಗಲ ಫ್ರೇಮಿನ ಕನ್ನಡಕ ಬೇಡ, ಹೆಡ್‌ಸೆಟ್ಟಿನೊಳಗೆ ಹಿಡಿಸುವುದಿಲ್ಲ. ಹಳೆಯ ಸಣ್ಣ ಕನ್ನಡಕ ಇತ್ತಲ್ಲ, ಅದನ್ನು ತಗೊಂಡು ಬಾ.

ನಿನ್ನವ